ಮೊಸರಾಗದ ಹಾಲು

ಚಾಮರಾಜಪೇಟೆಯ ನಮ್ಮ ಮನೆಯ ಹಿತ್ತಲಲ್ಲಿ ಅತ್ತೆ ಇವತ್ತಿಗೂ ಒಂದು ಹಸು ಸಾಕಿದ್ದಾರೆ. ಅದಕ್ಕೆ ಕೆಚ್ಚಲು ಬಾವು ಬಂದಾಗಲೆಲ್ಲ ಹಸುವಿನ ಡಾಕ್ಟರು ಆಂಟಿಬಯಾಟಿಕ್ ಕೊಟ್ಟು, ಕೆಲವು ದಿನ ಹಾಲು ಬಳಸಬೇಡಿ ಎನ್ನುತ್ತಿದ್ದರು. ಆ ದಿನಗಳಲ್ಲಿ ಅತ್ತೆ ದಿನಾ ಹಾಲು ಕೊಳ್ಳುವ ವರ್ತನೆ ಮನೆಗಳಿಗೆ ಒಂದು ಹನಿಯೂ ಕೊಡುತ್ತಿರಲಿಲ್ಲ, ಅಷ್ಟು ನಿಯತ್ತು. ಆದರೆ ಹಾಲನ್ನು ಮೋರಿಗೆ ಸುರಿದರೆ ಪಾಪ ಸುತ್ತಿಕೊಳ್ಳುತ್ತದೆಂದು ತಾವೇ ಕಾಫಿಗೆ ಬೆರೆಸಿ ಕುಡಿಯುತ್ತಿದ್ದರು! ಇದು ನನಗೆ ಗೊತ್ತಾಗಿದ್ದು, ಒಂದು ಬೆಳಗ್ಗೆ ಹೆಪ್ಪು ಹಾಕಿದ ಹಾಲು ಹಾಲಾಗಿಯೇ ಉಳಿದಾಗ.

"ಚಳಿಗೆ ಕಣೇ," ಎಂದರು ಅತ್ತೆ. ಪಕ್ಕದ ಮನೆಯಿಂದ ಬೇರೆ ಹೆಪ್ಪು ತಂದು ಹಾಕಿದರು. ಮರುದಿನವೂ ಮೊಸರಿಲ್ಲ. ನಾನು ಬಸವನಗುಡಿಯ ಲ್ಯಾಬೊಂದರಲ್ಲಿ ದಿನವಿಡೀ ಬ್ಯಾಕ್ಟೀರಿಯಾ ಬೆಳೆಸುವವಳು. ಕಾರಣ ತಟ್ಟನೆ ಹೊಳೆಯಿತು.

"ಅತ್ತೆ, ಹೆಪ್ಪಲ್ಲಿರೋ ಜೀವಾನೇ ಔಷಧಿ ಸಾಯಿಸ್ಬಿಟ್ಟಿದೆ! ಇದನ್ನ ನೀವು ಕುಡೀತಿದೀರಾ?"

"ಹಸುಗೆ ಒಳ್ಳೇದು ನಂಗೆ ಕೆಟ್ಟದ್ದಾ?"

ಸಿಟ್ಟು ನೆತ್ತಿಗೇರಿತು. ಚೂರುಚೂರೇ ಔಷಧಿ ಸಿಕ್ಕರೆ ಕ್ರಿಮಿಗಳು ಅದಕ್ಕೆ ಬಗ್ಗದಿರುವುದನ್ನು ಕಲಿಯುತ್ತವೆ, ಕೊಟ್ಟಿಗೆಯಲ್ಲಾಗಲಿ, ಮೋರಿಯಲ್ಲಾಗಲಿ, ನಿಮ್ಮ ಹೊಟ್ಟೆಯಲ್ಲಾಗಲಿ ಎಂದು ರೇಗಿದೆ. ಅವರು ಲೋಟ ತೊಳೆಯುತ್ತ ಕೂತರು.

ಅದೇ ತಿಂಗಳು ಅತ್ತೆಗೆ ಮೂತ್ರದ ಸೋಂಕು, ನಡುಗಿಸುವ ಚಳಿಜ್ವರ. ಮೊದಲ ಮಾತ್ರೆಗೆ ಬಗ್ಗಲಿಲ್ಲ, ಎರಡನೆಯದಕ್ಕೂ ಇಲ್ಲ. ಆಸ್ಪತ್ರೆಗೆ ಸೇರಿಸಿದೆವು. ಆ ಹಾಲಿನಿಂದಲೇ ಹೀಗಾಯಿತೆಂದು ನಾನು ಹೇಳಲಾರೆ. ಆದರೆ ಅವರು ಉಳಿಯುತ್ತಾರೋ ಇಲ್ಲವೋ ಎಂದು ನನಗೆ ವಿಪರೀತ ಭಯವಾಗಿತ್ತು. ಅವರ ಸ್ಯಾಂಪಲ್ಲಿನ ಕ್ರಿಮಿಯನ್ನು ನಾನೇ ಬೆಳೆಸಿ ಲ್ಯಾಬಿನ ದುಂಡನೆಯ ತಟ್ಟೆಗೆ ಹಚ್ಚಿ, ಮೇಲೆ ಒಂದೊಂದು ಔಷಧಿ ಅದ್ದಿದ ಕಾಗದದ ಬಿಲ್ಲೆಗಳನ್ನು ಇಟ್ಟೆ. ಔಷಧಿ ನಾಟಿದರೆ ಬಿಲ್ಲೆಯ ಸುತ್ತ ಕ್ರಿಮಿಯಿಲ್ಲದ ಉಂಗುರ ಮೂಡಬೇಕು.

ಬೆಳಗ್ಗೆ ಓಡುತ್ತಲೇ ಲ್ಯಾಬಿಗೆ ಹೋದೆ. ಚಪ್ಪಲಿಯನ್ನೂ ಬದಲಾಯಿಸದೆ ತಟ್ಟೆಯನ್ನು ಬೆಳಕಿಗೆ ಹಿಡಿದೆ. ಮೊದಲ ಬಿಲ್ಲೆಯ ಅಂಚಿನವರೆಗೂ ಕ್ರಿಮಿ. ಎರಡನೆಯದೂ ಹಾಗೇ. ತಟ್ಟೆ ತಿರುಗಿಸಿದೆ. ಕೆಳಗಿನ ತುದಿಯಲ್ಲಿ, ಒಂದೇ ಒಂದು ಬಿಲ್ಲೆಯ ಸುತ್ತ, ಅಗಲವಾದ ಉಂಗುರ!

"ಇದೆ! ಒಂದಿದೆ!" ಎಂದು ಕಿರುಚಿದೆ. ಜೊತೆಯವರೆಲ್ಲ ಏನೋ ಒಡೆಯಿತೆಂದು ಓಡಿಬಂದರು. ನಾನು ಅಳುತ್ತ ನಗುತ್ತ ಆಸ್ಪತ್ರೆಗೆ ಫೋನ್ ಮಾಡಿದೆ. ಅವತ್ತೇ ಇಂಜೆಕ್ಷನ್ ಶುರುವಾಯಿತು, ಜ್ವರ ಮೆಲ್ಲಗೆ ಇಳಿಯಿತು.

ಅತ್ತೆ ಎದ್ದು ಕೂತು ಗಂಜಿ ಕುಡಿಯುವಾಗ ಆ ಒಂಟಿ ಉಂಗುರದ ಕಥೆಯನ್ನು ಕೈ ಆಡಿಸಿಕೊಂಡು ಹೇಳಿದೆ. ಉಳಿದ ಔಷಧಿಗಳೆಲ್ಲ ಸೋತವು, ಇದೊಂದೇ ಗೆದ್ದಿತು, ಇದಕ್ಕೆ ಬಗ್ಗದಿರುವುದನ್ನು ಆ ಕ್ರಿಮಿ ಇನ್ನೂ ಕಲಿತಿಲ್ಲ ಎಂದೆ. ಅವರು ಲೋಟ ಕೆಳಗಿಟ್ಟು, ಸುತ್ತ ನೋಡಿ, ನನ್ನ ಕೈ ಹಿಡಿದು ದನಿ ತಗ್ಗಿಸಿದರು.

"ಅದರ ಹೆಸರನ್ನ ಹಸು ಡಾಕ್ಟ್ರಿಗೆ ಮಾತ್ರ ಹೇಳ್ಬೇಡ ಕಣೇ."