ಮುಂಬೈ ಕಂಪನಿಗೆ ಮಾಳಪ್ಪ ಮಾಮಾನ ಜವಾಬು

ನನ್ನ ಮೊಬೈಲಿಗೆ ಮೇಲ್ ಬಂದರೆ ‘ಟಿಣ್’ ಎನ್ನುತ್ತದೆ. ಫೋನ್ ಬಂದರೆ ಹಾಡುತ್ತದೆ, ಮೆಸೇಜು ಬಂದರೆ ನೀರಿನ ಹನಿ ಬಿದ್ದಂತೆ ಸದ್ದು ಮಾಡುತ್ತದೆ. ಅವಕ್ಕೆಲ್ಲ ನಾನು ಹೆದರುವವನಲ್ಲ. ಈ ಟಿಣ್‌ಗೆ ಮಾತ್ರ ಎದೆ ಧಸಕ್ಕೆನ್ನುತ್ತದೆ. ಇವತ್ತು ಬೆಳಿಗ್ಗೆ ಒಬ್ಬ ಹಿರಿಯರ ರೇಷನ್ ಕಾರ್ಡನ್ನು ಲ್ಯಾಮಿನೇಶನ್ ಯಂತ್ರದ ಬಾಯಿಗೆ ಕೊಡುತ್ತಿದ್ದೆ. ಟಿಣ್ ಎಂದಿತು, ನಾನು ಅತ್ತ ತಿರುಗಿದೆ, ಕಾರ್ಡು ಸೊಟ್ಟಗೆ ಹೋಗಿ ಮೂಲೆ ಮಡಚಿಕೊಂಡು ಹೊರಗೆ ಬಂತು. ಆ ಹಿರಿಯರು ಕಾರ್ಡನ್ನೊಮ್ಮೆ, ನನ್ನನ್ನೊಮ್ಮೆ ನೋಡುತ್ತ ಸ್ಟೂಲಿನ ಮೇಲೆ ಕುಳಿತಿದ್ದಾರೆ. ಮೇಲ್ ತೆರೆಯಲು ನನಗೆ ಧೈರ್ಯವಿಲ್ಲ. ಧೈರ್ಯ ಬರುವವರೆಗೆ ನಿಮ್ಮ ಮುಂದಾದರೂ ನನ್ನ ಹೊಟ್ಟೆಯುರಿಯನ್ನು ಹೇಳಿಕೊಳ್ಳುತ್ತೇನೆ, ಕೇಳಿ.

ಗಡಿಯಾಚೆ, ಮಹಾರಾಷ್ಟ್ರದ ಉಮರಗಾದ ಬಸ್ ನಿಲ್ದಾಣದ ಹಿಂದೆ ನನ್ನದೊಂದು ಝೆರಾಕ್ಸ್ ಅಂಗಡಿ. ನಮ್ಮ ಸೀಮೆಯಲ್ಲಿ ಓದುವುದು ಮರಾಠಿ ಶಾಲೆಯಲ್ಲಿ, ಮನೆಯಲ್ಲಿ ಆಡುವುದು ಕನ್ನಡ, ಸಿಟ್ಟು ಬಂದಾಗ ಎರಡೂ. ನನಗೆ ಕನ್ನಡ ಅಕ್ಷರ ಬಂದದ್ದು ಬಸವಕಲ್ಯಾಣದ ಅಜ್ಜಿಯಿಂದ. ಅದರಿಂದ ಲಾಭವೇನಾಯಿತೋ ಗೊತ್ತಿಲ್ಲ, ಜಂಭವಂತೂ ಬಂತು. ಅಂಗಡಿಗೆ ಬರುವವರಲ್ಲಿ ಮೇಲ್ ವಿಳಾಸ ಇಲ್ಲದವರೆಲ್ಲ ಅರ್ಜಿಯಲ್ಲಿ ನನ್ನದನ್ನೇ ಬರೆಸುತ್ತಾರೆ. ಯಾರದೋ ಮಗಳ ಫಲಿತಾಂಶ, ಯಾರದೋ ಬೆಳೆವಿಮೆ, ಎಲ್ಲವೂ ನನ್ನ ಜೇಬಿನಲ್ಲೇ ಟಿಣ್ ಎನ್ನುತ್ತವೆ. ಮಾಳಪ್ಪ ಮಾಮಾನ ವಿಡಿಯೊ ಚಾನೆಲ್ಲಿಗೂ ಕೊಟ್ಟಿದ್ದು ನನ್ನದೇ ವಿಳಾಸ. ನನ್ನ ಗ್ರಹಚಾರ ಅಲ್ಲಿಂದ ಶುರುವಾಯಿತು.

ಮಾಳಪ್ಪ ಮಾಮಾ ನನ್ನ ತಾಯಿಯ ಅಣ್ಣ. ನಿಲಂಗಾದಿಂದ ಸ್ವಲ್ಪ ಒಳಗೆ ಅವರ ಊರು. ಕುರಿ ಇವೆ, ಹೊಲ ಇದೆ, ಇವೆರಡಕ್ಕಿಂತ ಹೆಚ್ಚಾಗಿ ಡೊಳ್ಳು ಇದೆ. ಬೀರಪ್ಪನ ಗುಡಿಯ ಮುಂದೆ ಡೊಳ್ಳಿನ ಪದಗಳ ಹಾಡಿಕೆಯನ್ನು ನೀವು ಕೇಳಿದ್ದರೆ ಸರಿ, ಕೇಳಿಲ್ಲದಿದ್ದರೆ ಇಷ್ಟು ತಿಳಿದುಕೊಳ್ಳಿ. ಎರಡು ಮೇಳಗಳು ಎದುರುಬದುರು ನಿಲ್ಲುತ್ತವೆ. ಒಂದು ಮೇಳ ಹಾಡಿನಲ್ಲಿ ಸವಾಲು ಹಾಕುತ್ತದೆ. ಇನ್ನೊಂದು ಅದೇ ಧಾಟಿ ಎತ್ತಿಕೊಂಡು, ಅದೇ ಕಥೆ ಹಿಡಿದು ಜವಾಬು ಕೊಡಬೇಕು. ಎದುರಿನವನ ಧಾಟಿ ಎತ್ತುವುದನ್ನು ಇಲ್ಲಿ ಯಾರೂ ಕಳವು ಎನ್ನುವುದಿಲ್ಲ. ‘ನಿನ್ನ ಪದ ಪೂರ್ತಿ ಕೇಳಿದ್ದೇನೆ’ ಎಂದು ತೋರಿಸುವ ಮರ್ಯಾದೆ ಅದು. ಜವಾಬು ತೋಚದವನು ಡೊಳ್ಳನ್ನು ನೆಲಕ್ಕಿಟ್ಟು ಕೈಮುಗಿಯಬೇಕು, ಅಲ್ಲಿಗೆ ಅವನು ಸೋತಂತೆ.

ಮಾಮಾನ ಎದುರಿಗೆ ನಿಲ್ಲುತ್ತಿದ್ದವನು ವಲಾಂಡಿಯ ಧೂಳಪ್ಪ. ಇಬ್ಬರೂ ಹರೆಯದಿಂದ ಹಲ್ಲು ಬೀಳುವವರೆಗೆ ಜಗಳವಾಡಿದರು, ಎಲ್ಲವೂ ಪದದಲ್ಲೇ. ಇಬ್ಬರೂ ಎಂದೂ ಡೊಳ್ಳು ಕೆಳಗಿಡಲಿಲ್ಲ. ನಾನು ಆ ಹಾಡಿಕೆಗಳನ್ನು ಮೊಬೈಲಿನಲ್ಲಿ ಹಿಡಿದು ಚಾನೆಲ್ಲಿಗೆ ಹಾಕುತ್ತ ಬಂದೆ. ನನ್ನ ಹಳೆಯ ಮೊಬೈಲು ಕೆಟ್ಟು ಹೋದ ಮೇಲೆ ಅವು ಉಳಿದದ್ದು ಆ ಚಾನೆಲ್ಲಿನಲ್ಲಿ ಮಾತ್ರ. ಆಮೇಲೆ ಧೂಳಪ್ಪ ತೀರಿಕೊಂಡ. ಮಣ್ಣು ಮಾಡಿ ಬಂದ ದಿನ ಮಾಮಾ ಕಟ್ಟೆಯ ಮೇಲೆ ಕುಳಿತು ಒಂದೇ ಮಾತು ಹೇಳಿದ: “ಆ ಮಗ ಕಡೀ ಸವಾಲಿಗಿ ಜವಾಬ್ ಕೊಡದೇ ಹೋಗ್ಯಾನ ನೋಡು.” ಅದನ್ನು ಹೇಳುವಾಗ ಬೈದಂತಿತ್ತು ಧ್ವನಿ. ಕಣ್ಣುಗಳು ಮಾತ್ರ ಬೇರೆಯೇ ಹೇಳುತ್ತಿದ್ದವು.

ಎದುರಾಳಿ ಇಲ್ಲದ ಹಾಡುಗಾರ ಬಹಳ ಕೆಟ್ಟ ಪ್ರಾಣಿ. ಮನೆಯಲ್ಲಿ ಹೆಂಡತಿ, ಅಂದರೆ ನನ್ನ ಅತ್ತಿಯ ಜೊತೆ ವಾದ, ಹೊಲದಲ್ಲಿ ಎತ್ತಿನ ಜೊತೆ ವಾದ. ಕೊನೆಗೆ ಉದಗೀರಿನ ಟಾಕೀಜಿಗೆ ಹೋಗಿ ಒಂದು ದೊಡ್ಡ ಮರಾಠಿ ಸಿನಿಮಾ ನೋಡಿಕೊಂಡು ಬಂದ. ಮುಂಬೈಯ ದೊಡ್ಡ ಕಂಪನಿಯದು. ನಾಯಕ ಕುರಿ ಕಾಯುವವನು, ಹೆಗಲ ಮೇಲೆ ಕೆಂಪು ಶಾಲು, ಹಿಂದೆ ಧಡಧಡ ಡೊಳ್ಳು. ಮಾಮಾ ಮೆಚ್ಚಿ ಹುಚ್ಚಾದ. ಮತ್ತೆ ಮತ್ತೆ ಹೋಗಿ ನೋಡಿದ, ತಾನೂ ಕೆಂಪು ಶಾಲು ತಂದ. ಆದರೆ ಕೊನೆಯಲ್ಲಿ ಆ ನಾಯಕ ಹಿಂಡಿನ ಮುಂದಾಳು ಟಗರನ್ನು ಮಾರಿ, ಬಂದೂಕು ಕೊಂಡು, ಸೇಡು ತೀರಿಸಿಕೊಳ್ಳಲು ಹೊರಡುತ್ತಾನೆ. ಅದು ಮಾಮಾನ ಗಂಟಲಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿತು.

“ಏ ಅಳಿಯಾ, ಕುರಿ ಕಾಯಾಂವ ಟಗರ ಮಾರಿ ಬಂದೂಕ ಖರೀದಿ ಮಾಡತಾನೇನು? ಇದು ಸವಾಲ್ ಅದ ನಮಗ. ಇದಕ್ಕ ಜವಾಬ್ ಕೊಡಬೇಕು.”

“ಮಾಮಾ, ಅದು ಪಿಕ್ಚರ್ ಅದ. ಅದಕ್ಕ ಯಾರು ಜವಾಬ್ ಕೊಡತಾರ?”

“ಪಿಕ್ಚರಿಗಿ ಪಿಕ್ಚರಲೇ ಕೊಡಬೇಕು. ಮೊಬೈಲ್ ಬರೋಬ್ಬರಿ ಚಾರ್ಜ್ ಮಾಡಕೊಂಡು ಬಾ.”

ಹೀಗೆ ನಾನು ಸಿನಿಮಾ ನಿರ್ಮಾಣಕ್ಕೆ ಇಳಿದೆ. ಕಂಪನಿಯ ಕಥೆ ಮುಗಿದಲ್ಲಿಂದ ನಮ್ಮದು ಶುರು: ಅದೇ ನಾಯಕ, ಅದೇ ಹೆಸರು, ಅದೇ ಹಾಡಿನ ಧಾಟಿ. ಬಂದೂಕನ್ನು ಬಾವಿಗೆ ಎಸೆದು ಟಗರನ್ನು ಹುಡುಕಿಕೊಂಡು ಬರುತ್ತಾನೆ, ಖಳನಾಯಕನನ್ನು ಕ್ಷಮಿಸಿ ಹಿಂಡಿನ ಜೊತೆ ಹೋಗಿಬಿಡುತ್ತಾನೆ. ನಾಯಕ ಮಾಮಾ. ಖಳನಾಯಕ ನಾನು, ‘ಹೊಟ್ಟಿ ಅದ, ಮೀಸಿ ಅದ, ಮತ್ತೇನ್ ಬೇಕು’ ಎಂದು ಆಯ್ಕೆ ಮಾಡಿದ್ದು ಅತ್ತಿ. ಕಂಪನಿಯವರ ಬಳಿ ಹಾರುವ ಜೀಪುಗಳಿದ್ದವು, ನಮ್ಮ ಬಳಿ ಒಂದು ಜೊತೆ ದೇವಣಿ ತಳಿಯ ಎತ್ತು. ಬೆನ್ನಟ್ಟುವ ದೃಶ್ಯದಲ್ಲಿ ಅವು ನಡುದಾರಿಯಲ್ಲಿ ನಿಂತು ಮೆಲುಕು ಹಾಕಿದವು, ಎಷ್ಟು ಬೇಡಿದರೂ ಹೆಜ್ಜೆ ಕೀಳಲಿಲ್ಲ. ಆ ದೃಶ್ಯದಲ್ಲಿ ನಾನು ಓಡುತ್ತಿದ್ದೇನೆ, ನನ್ನನ್ನು ಯಾರೂ ಬೆನ್ನಟ್ಟುತ್ತಿಲ್ಲ. ಎಡಿಟಿಂಗೂ ನಾನೇ ಮಾಡಿದ್ದರಿಂದ ಅದನ್ನೆಲ್ಲ ಎಷ್ಟು ಸಲ ನೋಡಿದೆನೆಂದರೆ ಇವತ್ತಿಗೂ ಕಣ್ಣು ಮುಚ್ಚಿದರೆ ನನ್ನ ಹೊಟ್ಟೆ ಕುಣಿಯುವುದು ಕಾಣುತ್ತದೆ.

ಚಾನೆಲ್ಲಿಗೆ ಹಾಕಿದೆವು. ಕೆಲವು ದಿನಗಳಲ್ಲೇ ಟಿಣ್. ಆ ವಿಡಿಯೊ ತಾಣದವರು ಬರೆದಿದ್ದರು: ಕಂಪನಿ ಕಾಪಿರೈಟ್ ದೂರು ಕೊಟ್ಟಿದೆ, ನಿಮ್ಮ ಸಿನಿಮಾ ತೆಗೆದಿದ್ದೇವೆ, ಇದು ಮೊದಲ ಸ್ಟ್ರೈಕ್, ಮೂರಾದರೆ ಇಡೀ ಚಾನೆಲ್ ಬಂದ್. ನಮ್ಮ ಸಿನಿಮಾ ಹಾಳಾಗಿ ಹೋಗಲಿ, ಚಾನೆಲ್ ಹೋದರೆ ಧೂಳಪ್ಪ ಹೋದ! ಓಡಿಹೋಗಿ ಮಾಮಾನಿಗೆ ಓದಿ ಹೇಳಿದೆ. ಆತ ಏನು ಮಾಡಿದನೆಂದು ನೀವು ಊಹಿಸಲಾರಿರಿ. ಮೀಸೆ ತಿರುವಿ, ಅತ್ತಿಯನ್ನು ಕರೆದು, “ಚಾ ಇಡು, ಮುಂಬೈಲಿಂದ ಜವಾಬ್ ಬಂದದ!” ಎಂದ.

“ಮಾಮಾ, ಇದು ನೋಟೀಸ್ ಅದ!”

“ನೋಟೀಸ್ ಅಂದ್ರೇನು, ಸವಾಲೇ. ನಂದು ಕೇಳ್ಯಾರ, ಸಿಟ್ಟಿಗಿ ಬಂದಾರ. ಧೂಳ್ಯಾನೂ ಹಿಂಗೇ ಸಿಟ್ಟಿಗಿ ಬರತಿದ್ದ.”

ನಾನು ತಿಳಿಸಿ ಹೇಳಿದೆ, ಬೈದೆ, ಕೈಮುಗಿದೆ. ಧೂಳಪ್ಪನ ಪದಗಳೂ ಹೋಗುತ್ತವೆ ಎಂದೆ. ಆತ ನನ್ನನ್ನು ಮರುಕದಿಂದ ನೋಡಿ, “ಪದಾ ಹಾಡಿದ್ದಕ್ಕ ಪದಾ ಸುಡತಾರೇನು? ಹಂಗ ಎಲ್ಲಿಯಾದ್ರೂ ಅದ ಏನು?” ಎಂದ. ವಾರ ಕಳೆಯುವುದರಲ್ಲಿ ತಾನೇ ಮೊಬೈಲ್ ಹಿಡಿದು, ಕಂಪನಿಯ ಹಾಡಿನ ಧಾಟಿಯಲ್ಲೇ ಕಂಪನಿಗೆ ಜವಾಬು ಹಾಡಿ, ತಾನೇ ಚಾನೆಲ್ಲಿಗೆ ಏರಿಸಿದ. ಆ ಗುಂಡಿ ಒತ್ತುವುದನ್ನು ಕಲಿಸಿದ ಪುಣ್ಯಾತ್ಮ ನಾನೇ. ಟಿಣ್. ಎರಡನೆಯ ಸ್ಟ್ರೈಕ್. ಮಾಮಾನ ಖುಷಿ ಇಮ್ಮಡಿಯಾಯಿತು, ಮೂರನೆಯ ಜವಾಬು ಕಟ್ಟಲು ಕುಳಿತ.

ಹೇಳಿ, ನಾನು ಯಾರಿಗೆ ಬಯ್ಯಲಿ? ಕಂಪನಿಗೆ ಬೈದರೆ, ಅವರ ಹಾಡು, ಅವರ ಕಥೆ, ಅವರು ಕೋಟಿ ಸುರಿದದ್ದು ಸುಳ್ಳಲ್ಲ. ಆದರೆ ಎತ್ತು ನಿಂತು ಮೆಲುಕು ಹಾಕುವ ಸಿನಿಮಾದಿಂದ ಅವರ ಟಾಕೀಜಿನ ಯಾವ ಕುರ್ಚಿ ಖಾಲಿಯಾಯಿತು? ಅವರ ಪೋಸ್ಟರನ್ನು ಕುರಿಹಟ್ಟಿಗೆ ಅಂಟಿಸಿಕೊಂಡ ಅಭಿಮಾನಿಯ ಕುತ್ತಿಗೆಯನ್ನೇ ಹಿಚುಕಬೇಕೆ? ಮಾಮಾನಿಗೆ ಬೈದರೆ, ಆತನಿಗೆ ಕಾಯಿದೆ ಹೇಳುವುದೂ ಒಂದೇ, ಬಂಡೆಗಲ್ಲಿಗೆ ಹೇಳುವುದೂ ಒಂದೇ. ಇಬ್ಬರ ನಡುವೆ ನಾನು ಮದ್ದಳೆಯಾದೆ. ಎರಡೂ ಕಡೆಯಿಂದ ಪೆಟ್ಟು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ನಾನೇ ನೋಟೀಸಿನಲ್ಲಿದ್ದ ನಂಬರಿಗೆ ಫೋನ್ ಹಚ್ಚಿದೆ. ದಿನಗಟ್ಟಲೆ ಸಂಗೀತ ಕೇಳಿಸಿದರು. ಕೊನೆಗೆ ಕಂಪನಿಯ ಕಾನೂನು ವಿಭಾಗದ ಒಬ್ಬ ಹುಡುಗಿ ಸಿಕ್ಕಳು. ಮರಾಠಿಯಲ್ಲಿ ಸಮಾಧಾನವಾಗಿಯೇ ಮಾತಾಡಿದಳು: ಎರಡೂ ವಿಡಿಯೊಗಳ ಹಕ್ಕು ಬಿಟ್ಟುಕೊಡಿ, ಮತ್ತೆ ಹಾಕುವುದಿಲ್ಲ ಎಂದು ಹೇಳಿ, ದೂರು ವಾಪಸ್ ತೆಗೆದುಕೊಳ್ಳುತ್ತೇವೆ. ಆದರೆ ಆ ಮಾತನ್ನು ಚಾನೆಲ್ಲಿನ ಯಜಮಾನರೇ ಹೇಳಬೇಕು. ನಾನು ಮೋಟರ್‌ಸೈಕಲ್ ಹತ್ತಿ ನಿಲಂಗಾದ ಕಡೆಗೆ ಹೊರಟೆ. ದಾರಿಯುದ್ದಕ್ಕೂ ಮಾಮಾನನ್ನು ಒಪ್ಪಿಸುವ ಮಾತುಗಳನ್ನು ಗಟ್ಟಿಯಾಗಿ ಅಭ್ಯಾಸ ಮಾಡಿದೆ. ಒಂದೂ ಬೇಕಾಗಲಿಲ್ಲ.

ಫೋನನ್ನು ಸ್ಪೀಕರಿಗೆ ಹಾಕಿ ಕಟ್ಟೆಯ ಮೇಲಿಟ್ಟೆ. ಮಾಮಾ ರುಮಾಲು ಸರಿಪಡಿಸಿಕೊಂಡು, ಎದುರು ಮೇಳವನ್ನು ಮಾತಾಡಿಸುವ ಗತ್ತಿನಲ್ಲಿ ಮರಾಠಿಯಲ್ಲಿ ಕೇಳಿದ: ತಾಯಿ, ಬಾಕಿ ಮಾತು ಆಮೇಲೆ, ನಮ್ಮ ಸಿನಿಮಾದಲ್ಲಿ ನಿಮಗೆ ಯಾವ ಜಾಗ ಸೇರಲಿಲ್ಲ, ಅದನ್ನು ಮೊದಲು ಹೇಳಿ.

ಆಕೆ ಅಂದಳು, “ಅಹೋ ಕಾಕಾ, ಆಮ್ಹೀ ಬಘತ್ ನಾಹೀ.” ನಾವು ನೋಡುವುದಿಲ್ಲ ಕಾಕಾ. ನೋಡುವುದು ಯಂತ್ರ. ನಮ್ಮ ಧಾಟಿ ಎಲ್ಲಿ ಕೇಳಿಸಿದರೂ ಅದೇ ಹಿಡಿಯುತ್ತದೆ, ನೋಟೀಸನ್ನೂ ಅದೇ ಕಳಿಸುತ್ತದೆ.

“ಯಾರೂ ನೋಡಿಲ್ಲ?” ಮಾಮಾ ಈ ಸಲ ಕನ್ನಡದಲ್ಲೇ ಕೇಳಿದ, ನನ್ನನ್ನು ನೋಡುತ್ತ. “ನಾ ಹಾಡಿದ ಜವಾಬ್? ಅದನ್ನೂ ಯಾರೂ ಕೇಳಿಲ್ಲ?”

ಇಷ್ಟು ದಿನ ಈ ಮುದುಕನ ಮೇಲೆ ಉರಿದುಬೀಳುತ್ತಿದ್ದವನಿಗೆ ಆ ಕ್ಷಣ ಸಿಟ್ಟು ಕಂಪನಿಯ ಕಡೆಗೆ ತಿರುಗಿತು. ಬೈದಿದ್ದರೆ ಸಹಿಸಬಹುದಿತ್ತು. ನೋಡದೆಯೇ ಹೊಡೆದಿದ್ದರಲ್ಲ! ಮಾಮಾ ರುಮಾಲು ಬಿಚ್ಚಿ ಮೊಳಕಾಲ ಮೇಲಿಟ್ಟುಕೊಂಡ. ಫೋನಿನತ್ತ ಬಾಗಿ ಮರಾಠಿಯಲ್ಲಿ, ಬಿಟ್ಟುಕೊಟ್ಟೆ ತಾಯಿ, ಮತ್ತೆ ಹಾಕುವುದಿಲ್ಲ, ಎಂದ. ಆಮೇಲೆ ನನಗೆ, “ಇದು ಸೋತಂಗ ಅಲ್ಲ ಅಳಿಯಾ. ಕೇಳದಿದ್ದವರ ಮುಂದ ಸೋಲೂ ಇಲ್ಲ, ಗೆಲುವೂ ಇಲ್ಲ. ಧೂಳ್ಯಾನ ಪದಾ ಉಳೀತಾವಲ್ಲ, ಸಾಕು.”

ಸ್ಟ್ರೈಕ್‌ಗಳು ಹೋದವು, ಚಾನೆಲ್ ಉಳಿಯಿತು. ನಾನು ಗೆದ್ದೆನೆಂದು ಪೇಢೆ ಹಂಚಬೇಕಿತ್ತು. ಆದರೆ ಮಾಮಾ ಆ ದಿನದಿಂದ ಡೊಳ್ಳು ಮುಟ್ಟಲಿಲ್ಲ. ವಾದ ಮಾಡುವುದನ್ನೂ ಬಿಟ್ಟ. ಅತ್ತಿ ಫೋನ್ ಮಾಡಿ, “ನಿಮ್ಮ ಮಾಮಾ ಸಾರಿನಾಗ ಉಪ್ಪಿಲ್ಲಂದ್ರೂ ಸುಮ್ಮ ಉಣಲಾಕತ್ತಾನ, ಬಂದು ನೋಡೋ” ಎಂದು ಅತ್ತಳು. ಕೆಲವು ತಿಂಗಳು ಹೀಗೇ ಹೋದವು. ಇದಕ್ಕೇನು ಮಾಡುವುದು? ನಮ್ಮ ಸಿನಿಮಾವನ್ನು ಪೂರ್ತಿ ನೋಡಿದವನು, ಮಾಮಾನ ಪದವನ್ನು ಅಕ್ಷರ ಬಿಡದೆ ಕೇಳಿದವನು ಈ ಲೋಕದಲ್ಲಿ ಒಬ್ಬನೇ ಇದ್ದ. ದುರದೃಷ್ಟಕ್ಕೆ ಅವನಿಗೆ ಹಾಡಲು ಬರುವುದಿಲ್ಲ. ಅವನ ಧ್ವನಿ ಎಣ್ಣೆ ಕಾಣದ ಗಾಲಿಯಂಥದು.

ಆದರೂ ಅಂಗಡಿಯ ಶಟರ್ ಅರ್ಧ ಎಳೆದು, ಚಾನೆಲ್ ತೆರೆದು, ಧೂಳಪ್ಪನ ಹಾಡಿಕೆಗಳನ್ನು ಹಚ್ಚಿಕೊಂಡು ಕುಳಿತೆ. ಕಂಪನಿಯ ಧಾಟಿಯ ಸಹವಾಸ ಸಾಕಾಗಿತ್ತು. ಧೂಳಪ್ಪನ ಧಾಟಿ ಹಿಡಿಯಲು ನೋಡಿದೆ. ಪಕ್ಕದ ಕಟಿಂಗ್ ಅಂಗಡಿಯವನು ಯಾರಿಗಾದರೂ ಹೊಟ್ಟೆನೋವೇ ಎಂದು ಇಣುಕಿ ನೋಡಿದ. ಹೋದ ವಾರ ಖಳನಾಯಕನ ಪರವಾಗಿ ಒಂದು ಸವಾಲು ಕಟ್ಟಿ, ಹಾಡಿ, ಮಾಮಾನಿಗೆ ಮೇಲ್ ಮಾಡಿದೆ. ನೋಟೀಸಿನ ಗಲಾಟೆಯಲ್ಲಿ ಆತನಿಗೂ ಒಂದು ವಿಳಾಸ ಮಾಡಿಕೊಟ್ಟಿದ್ದೆ.

ಕ್ಷಮಾ ಮಾಡಿ ಹ್ವಾದ್ಯೋ ನೀನು ಹಿಂಡ ಹೊಡಕೊಂಡು,
ಕ್ಷಮಾ ಹೊತ್ತ ಪಾಪಿ ನಾನು ಹೆಂಗ ಹೋಗಲೋ ಮನಿಗಿ?

ಇಡೀ ವಾರ ಸದ್ದಿಲ್ಲ. ಮರ್ಯಾದೆ ಹೋಯಿತೆಂದುಕೊಂಡೆ. ಇವತ್ತು ಬೆಳಿಗ್ಗೆ ಈ ಟಿಣ್. ಕಂಪನಿಯ ಯಂತ್ರವೋ, ಮಾಮಾನೋ? ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರಬೇಕೋ ತಿಳಿಯದೆ ಇಷ್ಟು ಹೊತ್ತು ನಿಮ್ಮ ತಲೆ ತಿಂದೆ. ಇರಲಿ, ತೆರೆದೇಬಿಡುತ್ತೇನೆ.

ಮಾಮಾನದೇ. ಹಾಡಿನ ಫೈಲು. ಒತ್ತಿದೆ. ಮೊದಲು ಕೆಮ್ಮು. ಆಮೇಲೆ, “ಧಾಟಿ ಪೂರಾ ತಪ್ಪ್ಯಾದ ಅಳಿಯಾ. ಧೂಳ್ಯಾ ಕೇಳಿದ್ರ ಕಲ್ಲ ಒಗೀತಿದ್ದ. ಖರೇ ಅಂದ್ರ, ಸವಾಲ್ ಬರೋಬ್ಬರಿ ಅದ.” ಆಮೇಲೆ ಡೊಳ್ಳು. ನನ್ನ ಪುಟ್ಟ ಮೊಬೈಲು ಟೇಬಲ್ಲಿನ ಮೇಲೆ ಅದುರಿ ಅದುರಿ ಪಕ್ಕಕ್ಕೆ ಸರಿಯಿತು. ಅದರ ಮೇಲೆ ಆ ಹಳೆಯ ದನಿ, ಧೂಳಪ್ಪನ ಧಾಟಿಯಲ್ಲಿ:

ಕುರಿಯ ಹಿಂದ ನಡಿಯೋ ತಮ್ಮಾ, ಕುರಿಗಿ ಗೊತ್ತದ ಮನಿ,
ಬಾಗಿಲ ತೆರದು ಕುಂತಾಳ ಅವ್ವ, ಕೇಳಾಕ ನಿನ್ನ ದನಿ.

ಕನ್ನಡಕ ತೆಗೆದು ಒರೆಸಿಕೊಂಡೆ. ಪದ ಮುಗಿಯಲಿಲ್ಲ, ಮುಂದಿನ ನುಡಿಯಲ್ಲಿ ಆತ ನನಗೇ ತಿರುಗಿ ಸವಾಲು ಹಾಕತೊಡಗಿದ. ಇನ್ನು ನಾನು ಜವಾಬು ಕಟ್ಟಬೇಕಂತೆ, ಹಾಡಬೇಕಂತೆ, ಅಂಗಡಿ ಯಾರು ನೋಡಬೇಕು? ಸ್ಟೂಲಿನ ಮೇಲಿದ್ದ ಹಿರಿಯರು ಸೊಟ್ಟ ಕಾರ್ಡನ್ನು ಮರೆತು ಮುಂದಕ್ಕೆ ಬಾಗಿ ಕೇಳಿದರು:

“ಯಾರದು ರೀ ಈ ಪದಾ?”

“ಪೂರ್ತಿ ಕೇಳ್ರಿ ಮೊದಲ,” ಎಂದು ನಾನು ಫೋನನ್ನು ಅವರ ಕಡೆಗೆ ಸರಿಸಿದೆ.