ಎಲ್ಲರೂ ಬಂದು ಕೂರುವವರೆಗೆ

ಇವತ್ತು ಬೆಳಿಗ್ಗೆ ಡಿಕಾಕ್ಷನ್ ಇಳಿಯಲು ಬಿಟ್ಟು ಮಗಳು ಮಾಲತಿಯ ತಲೆ ಬಾಚುತ್ತಿದ್ದೆ. ಎದುರಿನ ದಿನಸಿ ಅಂಗಡಿಗೆ ಸಾಂಬ್ರಾಣಿ ಹೊಗೆ ಹಾಕುವವರು ಬಂದರು. ಹೊಗೆ ಕಂಬಂ ಊರಿನ ನಮ್ಮ ಕಿರುಬೀದಿಯನ್ನು ದಾಟಿ ಕಿಟಕಿಯ ಕಂಬಿಗಳ ನಡುವೆ ನಿಧಾನವಾಗಿ ಒಳಗೆ ಬಂತು. ಮಾಲತಿಯ ಕೂದಲಲ್ಲಿ ಇನ್ನೂ ಬಾಣಂತಿ ಎಣ್ಣೆಯ ವಾಸನೆ. ಮಗು ಮಾತ್ರ ಇಲ್ಲ. ಹುಟ್ಟಿದ ಮಾರನೆಯ ದಿನವೇ ಹೋಯಿತು. ಅಂದಿನಿಂದ ಅವಳು ಮಾತು ಬಿಟ್ಟಿದ್ದಾಳೆ. ತೇನಿ ಆಸ್ಪತ್ರೆಯ ಕೌನ್ಸೆಲರಮ್ಮ ಇವತ್ತು ಬರುವಾಗ ಗಂಡನನ್ನೂ ಕರೆತನ್ನಿ ಎಂದಿದ್ದರು. ದಿಂಡಿಗಲ್ಲಿನಲ್ಲಿ ಬೀಗದ ಅಂಗಡಿ ಇಟ್ಟಿರುವ ಅಳಿಯ ಬರುತ್ತೇನೆ ಎಂದಿದ್ದ. ಅದಕ್ಕೇ ಇರಬೇಕು, ಅವಳು ತಾನಾಗಿಯೇ ಹಸಿರು ಸೀರೆ ತೆಗೆದಿಟ್ಟುಕೊಂಡಿದ್ದಳು.

ಆ ಹೊಗೆ ನನ್ನನ್ನು ಇಲ್ಲೇ ಪಕ್ಕದ ಗೂಡಲೂರಿನ ತಾತನ ಅಂಗಳಕ್ಕೆ ಎಳೆದೊಯ್ದಿತು. ಈಗ ಅಲ್ಲಿ ಯಾರದೋ ದ್ರಾಕ್ಷಿ ಗೋದಾಮು ಇದೆ. ತಾತನ ಮೈಮೇಲೆ ದೇವರು ಬರುತ್ತಿತ್ತು. ಬೆಚ್ಚಿದವರನ್ನು, ಅನ್ನ ಬಿಟ್ಟವರನ್ನು, ಮೂಕಾದವರನ್ನು ಅವರ ಮುಂದೆ ತಂದು ಕೂರಿಸುತ್ತಿದ್ದರು. ಅವರ ಕೈಯಲ್ಲಿ ಉಡುಕ್ಕೆ, ನಡು ಸಣ್ಣಗಿನ ಪುಟ್ಟ ವಾದ್ಯ. ಆದರೆ ರೋಗಿಯ ಮನೆಯವರೆಲ್ಲ ಬಂದು ಕೂರುವವರೆಗೆ ತಾತ ಅದನ್ನು ಮುಟ್ಟುತ್ತಿರಲಿಲ್ಲ. ಕೇಳುವುದು ಮೊದಲು ಮನೆಯವರನ್ನು, ರೋಗಿಯನ್ನು ಕೊನೆಗೆ. ನಾನು ಓದಿದ ಕಾನ್ವೆಂಟಿನ ಇಗರ್ಜಿಯಲ್ಲಿ ಒಬ್ಬೊಬ್ಬರೇ ಮಂಡಿಯೂರಿ ತಮ್ಮ ತಪ್ಪನ್ನು ಪಾದ್ರಿಗೆ ಪಿಸುಗುಡಲು ಮರದ ಗೂಡಿತ್ತು. ತಾತನ ಅಂಗಳದಲ್ಲಿ ಗೂಡೂ ಇಲ್ಲ, ಪಿಸುಮಾತೂ ಇಲ್ಲ. "ಕಾಯ್ಲೆ ಒಬ್ಬರ ಮೈಯಾಗೆ ಕೂತಿರ್ತದೆ, ಬೇರು ಮನೆಯೆಲ್ಲಾ ಓಡಿರ್ತದೆ" ಎನ್ನುತ್ತಿದ್ದರು.

ಒಮ್ಮೆ ಆ ಅಂಗಳದಲ್ಲಿ ತಾತನ ಸ್ವಂತ ಮಗಳೇ, ನನ್ನ ಅತ್ತೆಯೇ ಕೂರಬೇಕಾಯಿತು. ಅವಳ ಹಸುಗೂಸೂ ಹೀಗೇ ಹೋಗಿತ್ತು. ಆಂಡಿಪಟ್ಟಿಯಲ್ಲಿದ್ದ ಅವಳ ಗಂಡ ತಾನು ಬರದೆ ಆಳಿನ ಕೈಲಿ ಹೆಗಲ ವಲ್ಲಿ ಕಳಿಸಿದ. ನಮ್ಮವರಲ್ಲಿ ಹಾಗೊಂದು ರೂಢಿ ಇತ್ತು: ಮದುವೆ ಮಾತಿಗೋ ಪಂಚಾಯ್ತಿಗೋ ಬರಲಾಗದ ಗಂಡಸಿನ ವಲ್ಲಿಯನ್ನು ಅವನ ಜಾಗದಲ್ಲಿ ಹಾಸಿದರೆ ಅವನೇ ಬಂದಂತೆ. ಅಜ್ಜಿ ಅದನ್ನು ನೋಡಿ, "ಮಾಪಿಳ್ಳೆ ಬಂದವ್ರೆ, ಊಟಕ್ಕೆ ಎಲೆ ಹಾಕ್ಲಾ?" ಅಂದಳು. ಅಳಿಯನನ್ನು ನಮ್ಮಲ್ಲಿ ಕರೆಯುವುದೇ ಹಾಗೆ. ತಾತ ನಗದೆ ಆಳಿನತ್ತ ತಿರುಗಿದರು. "ವಲ್ಲಿಗೆ ಬಾಯಿ ಅದಾ? ತಕ್ಕೊಂಡೋಗು. ಅವನೇ ಬರ್ಲಿ."

ಹೊತ್ತು ಇಳಿಯುವಾಗ ಅತ್ತೆಯ ಗಂಡ, ನನ್ನ ಮಾವ, ತಾನೇ ಬಂದ, ಮುಖ ಊದಿಸಿಕೊಂಡು. "ಗಂಡಸು ಅಳೋದಾ ಮಾವಾ?" ಎಂದು ತಾತನನ್ನು ಕೇಳಿದ.

"ಅಳ್ಬೇಡ. ಕೂಸಿನ ಹೆಸ್ರು ಹೇಳು, ಸಾಕು."

ಮಾವ ತಲೆ ತಗ್ಗಿಸಿ ಕೂತ. ಆಗ ತಾತ ಉಡುಕ್ಕೆಯನ್ನು ನೆಲಕ್ಕಿಟ್ಟು, ದೇವರ ಮಣೆಯಿಂದ ಇಳಿದು ನಮ್ಮ ಸಾಲಿನಲ್ಲೇ ಕೂತರು. "ಕೂಸಿನ ಹೆಸ್ರು ಎತ್ಬೇಡಿ ಅಂತ ಎಲ್ಲರ ಬಾಯಿ ಕಟ್ಟಿದೋನು ನಾನೇ ತಾಯೀ" ಎಂದು ಮಗಳಿಗೆ ಹೇಳಿದರು. ಮಾವ ತಲೆ ಎತ್ತಿ, "ಕಾಮಾಕ್ಷಿ" ಅಂದ. ಅತ್ತೆಯ ಗಂಟಲಿನಿಂದ ಹೊರಟ ಆ ಕೂಗನ್ನು ಹೇಗೆ ಹೇಳಲಿ? ಕಟ್ಟಿಹಾಕಿದ ಕರು ಹಗ್ಗ ಹರಿದುಕೊಂಡಂತಿತ್ತು. ರಾತ್ರಿ ಅವಳು ರಾಗಿ ಮುದ್ದೆ ಉಂಡಳು. ಬಡಿಸಿದವನು ಮಾವ.

ಕೌನ್ಸೆಲರಮ್ಮ ಕೇಳಿದ್ದೂ ಅದನ್ನೇ ಅಲ್ಲವೇ? ಎಲ್ಲರೂ ಬನ್ನಿ, ಕೂತು ಮಾತಾಡಿ ಎಂದಷ್ಟೇ. ಆದರೆ ತಾತನ ಉಡುಕ್ಕೆಗೆ ಹೆದರಿದ ಗಂಡಸರು ಈಕೆಯ ವಿನಯಕ್ಕೆ ಹೆದರುವುದಿಲ್ಲ. ಇವತ್ತು ತೇನಿಯಲ್ಲಿ ನಾವು ಕಾದು ಕೂತಿದ್ದಾಗ ಅಳಿಯನ ಫೋನು ಬಂತು. "ಅತ್ತೇ, ಅಂಗಡಿಗೆ ಲೋಡ್ ಬಂದದೆ, ದಿಂಡಿಗಲ್ ಬಿಟ್ಟು ಅಲ್ಲಾಡಕ್ಕಾಗಲ್ಲ. ಸ್ಪೀಕರ್‌ಲಿ ಹಾಕಿ, ಏನ್ ಹೇಳ್ಬೇಕೋ ಹೇಳ್ಬಿಡ್ತೀನಿ." ಮಾಲತಿ ಪಕ್ಕದ ಖಾಲಿ ಕುರ್ಚಿಯ ಮೇಲಿಟ್ಟಿದ್ದ ತನ್ನ ಚೀಲ ತೆಗೆದು ಮಡಿಲಿಗಿಟ್ಟುಕೊಂಡಳು. ಕೌನ್ಸೆಲರಮ್ಮ ಕೇಳಿದ ಯಾವುದಕ್ಕೂ ಬಾಯಿ ಬಿಡಲಿಲ್ಲ. ವಾಪಸ್ ಬರುವ ಬಸ್ಸಿನಲ್ಲಿ ಮಾತ್ರ, ಮಗು ಹೋದಮೇಲೆ ಮೊದಲ ಸಲ, "ಪಾಪ, ಕೆಲಸ ಇತ್ತಲ್ಲಮ್ಮಾ" ಅಂದಳು. ಆ ಒಂದು ಮಾತನ್ನೇ ನಾನು ಮನೆಯವರೆಗೂ ಜೋಪಾನವಾಗಿ ತಂದೆ.

ಸಂಜೆ ಅವಳು ಹೊಸ್ತಿಲಲ್ಲಿ ಕೂತಿದ್ದಳು, ನಾನು ಹಿಂದೆ ನಿಂತಿದ್ದೆ. ಪಕ್ಕದ ಮನೆಯ ಸೆಲ್ವಿ ತಾಂಬೂಲದ ಚೀಲ ಹಿಡಿದು ಆಟೋ ಇಳಿದಳು. ಇವತ್ತು ತೇನಿಯಲ್ಲಿ ಅವಳ ನೆಂಟರ ಮದುವೆ ಇತ್ತು.

"ಅಕ್ಕಾ, ಊಟ ಭರ್ಜರಿ! ನಿಮ್ಮ ಮಾಪಿಳ್ಳೆನೂ ಬಂದಿದ್ರು, ನಮ್ಮ ಪಂಕ್ತೀಲೇ. ಪಾಯಸ ಇನ್ನೊಂದ್ಸಲ ಹಾಕಿಸ್ಕೊಂಡು ಎಲ್ಲರನ್ನೂ ನಗಿಸ್ತಿದ್ರು. ಪರ್ವಾಗಿಲ್ಲ, ಮನ್ಸು ಗಟ್ಟಿ ಮಾಡ್ಕೊಂಡವ್ರೆ."