ಹಾರ್ಮೋನ್ ಪೇಟಿ

ನಮ್ಮ ಕಡೆ ಮರದ್ದಾಗಲಿ, ತಗಡಿನದ್ದಾಗಲಿ, ಥರ್ಮೊಕೋಲಿನದ್ದಾಗಲಿ, ಮುಚ್ಚಳ ಇದ್ದದ್ದೆಲ್ಲ ಪೇಟಿಯೇ. ಭಜನೆಯಲ್ಲಿ ಮುಂದಿಟ್ಟುಕೊಂಡು ಬಾರಿಸುವ ಹಾರ್ಮೋನಿಯಂ ಕೂಡ ಪೇಟಿಯೇ. ಇಷ್ಟೆಲ್ಲ ಗೊತ್ತಿದ್ದೂ ನಾನು ಫೋನಿನಲ್ಲಿ ಅವಸರ ಮಾಡಿದೆ. ತಪ್ಪು ನನ್ನದೇ. ಆದರೆ ಅಪ್ಪನ ತಮ್ಮ ಕಾಕಾರ ಮುಂದೆ ಅದನ್ನು ಇಂದಿಗೂ ಒಪ್ಪಿಕೊಂಡಿಲ್ಲ, ಒಪ್ಪುವುದೂ ಇಲ್ಲ.

ಬೀದರಿನಲ್ಲಿ ಮೀನುಗಾರಿಕೆ ಓದಿ ಬಂದ ಮೇಲೆ ಔರಾದದ ನಮ್ಮ ಹೊಲದಲ್ಲೇ ಮೀನುಮರಿ ಮಾಡಬೇಕೆಂದು ಹಟ ಹಿಡಿದೆ. ಅಪ್ಪ ಬಾವಿ ಪಕ್ಕದ ಹೊಂಡ ಕೊಟ್ಟರು, ಆದರೆ ಕರಾರು ಹಾಕಿ.

"ಒಂದ ಮಳಿಗಾಲ ನೋಡ್ತೇನಿ. ಮರಿ ಆದ್ರ ಹೊಂಡ ನಿಂದು. ಆಗ್ಲಿಲ್ಲಂದ್ರ ಮುಚ್ಚಿ ಸೋಯಾ ಬಿತ್ತಾಂವ. ಆಮ್ಯಾಲ ಅಳಬ್ಯಾಡ."

ನಾನು ಅಳುವವಳಲ್ಲ, ಜಗಳಾಡುವವಳು. "ಅದ್ಹ್ಯಾಂಗ ಮುಚ್ತೀರಿ ನಾನೂ ನೋಡ್ತೇನಿ," ಎಂದೆ. ಅಪ್ಪ ನಕ್ಕರು.

ರೋಹು ಹೊಳೆಯ ಮೀನು. ನಿಂತ ನೀರಿನಲ್ಲಿ ಬೆಳೆಯುತ್ತದೆ, ಹೊಟ್ಟೆ ತುಂಬ ಮೊಟ್ಟೆಯನ್ನೂ ಕಟ್ಟುತ್ತದೆ, ಆದರೆ ಮೊಟ್ಟೆ ಇಡುವುದಿಲ್ಲ. ಮಳೆಯ ಹೊಸ ನೀರು, ಹೊಳೆಯ ಸೆಳವು ಮೈಗೆ ತಾಗಿದಾಗ ಮಾತ್ರ ಅದರ ಮೆದುಳಿನ ಬುಡದ ಪುಟ್ಟ ಗ್ರಂಥಿ ಹಾರ್ಮೋನ್ ಬಿಟ್ಟು 'ಇನ್ನು ಇಡು' ಎನ್ನುತ್ತದೆ. ಹೊಂಡದಲ್ಲಿ ಆ ಅಪ್ಪಣೆ ಹೊರಡುವುದೇ ಇಲ್ಲ. ಕಾದು ಕಾದು ಮೊಟ್ಟೆ ಒಳಗೇ ಕರಗಿಹೋಗುತ್ತವೆ. ನಾವು ಸೂಜಿಯಲ್ಲಿ ಕೊಡುವ ಹಾರ್ಮೋನ್ ಆ ಗ್ರಂಥಿಯನ್ನು ತಟ್ಟಿ ಎಬ್ಬಿಸುತ್ತದೆ, ಅಷ್ಟೇ. ಇದನ್ನು ಅಪ್ಪನಿಗೆ ಹೇಳಿದಾಗ ಅವರು, "ಎಮ್ಮಿಗಿ ಸೂಜಿ ನೋಡೀನಿ. ಮೀನಿಗಿ ಸೂಜಿ? ಭಲೇ!" ಎಂದರು.

ಆಷಾಢದ ಒಂದು ಬೆಳಿಗ್ಗೆ ಭಾಲ್ಕಿ ಕಡೆಯ ಕೆರೆಯಿಂದ ಎರಡು ಹೆಣ್ಣು, ನಾಲ್ಕು ಗಂಡು ಟೆಂಪೋದಲ್ಲಿ ಬಂದವು. ಹೆಣ್ಣುಗಳ ಹೊಟ್ಟೆ ಹಣ್ಣಾದ ಮಾವಿನಂತೆ ಮೆತ್ತಗಿತ್ತು. ಹೊಂಡದಲ್ಲಿ ಕಟ್ಟಿದ್ದ ಹಾಪಾ ಎಂಬ ಬಟ್ಟೆಯ ತೊಟ್ಟಿಗೆ ಅವನ್ನು ಬಿಟ್ಟೆ. ಜಿಟಿಜಿಟಿ ಮಳೆ, ತಂಪು ಹವೆ. ಸೂಜಿ ಅಂದೇ ಸಂಜೆ ಆಗಬೇಕು. ನಮ್ಮಲ್ಲಿ ಕರೆಂಟಿನ ಭರೋಸಾ ಇಲ್ಲವೆಂದು ಹಾರ್ಮೋನಿನ ಥರ್ಮೊಕೋಲ್ ಪೇಟಿಯನ್ನು ಬೀದರಿನ ಮೈಲೂರದಲ್ಲಿರುವ ಕಾಕಾರ ಮನೆಯ ಫ್ರಿಡ್ಜಿನಲ್ಲಿ ಇಟ್ಟಿದ್ದೆ, ಅವರ ಹೆಂಡತಿ ಕಾಕುವಿನ ಕೈಗೆ ಕೊಟ್ಟು. ಕಾಕಾರಿಗೆ ಹೇಳಿರಲಿಲ್ಲ. ಅವರು ಬುದ್ಧ ವಿಹಾರದಲ್ಲಿ ಪ್ರತಿ ಹುಣ್ಣಿಮೆಗೆ ಹಾರ್ಮೋನಿಯಂ ಬಾರಿಸಿ ಹಾಡುವವರು. ಫೋನ್ ಹಚ್ಚಿದೆ.

"ಕಾಕಾ, ಮನ್ಯಾಗಿನ ಹಾರ್ಮೋನ್ ಪೇಟಿ ತಗೊಂಡು ಸಂಜಿ ಒಳಗ ಬರ್ರಿ. ಮೀನ ಕಾಯ್ಲತ್ತಾವ!"

"ಮೀನಿಗೇನು?"

"ಹೂಂ ರಿ, ಮೀನಿಗೇ! ಜಲ್ದಿ ಬರ್ರಿ!"

ನಾಲ್ಕು ಗಂಟೆಯ ಬಸ್ಸಿಗೆ ಕಾಕಾ ಬಂದರು. ಹೆಗಲ ಮೇಲೆ ಚಾದರದಲ್ಲಿ ಸುತ್ತಿದ ದೊಡ್ಡ ಗಂಟು. ಹೊಂಡದ ದಂಡೆಯ ಕಲ್ಲಿನ ಮೇಲೆ ಅದನ್ನಿಳಿಸಿ, ಚಾದರ ಬಿಚ್ಚಿ, ಮುಚ್ಚಳ ತೆಗೆದು, ಒಂದು ಸ್ವರ ಒತ್ತಿ ನೋಡಿದರು.

"ಹೇಳವ್ವಾ, ನಿನ್ನ ಮೀನಿಗಿ ಎಂಥಾ ಹಾಡು ಸೇರ್ತಾದ?"

"ಅಯ್ಯೋ ಕಾಕಾ! ಹಾರ್ಮೋನ್ ರೀ, ಹಾರ್ಮೋನ್! ಫ್ರಿಡ್ಜಿನ್ಯಾಗಿನ ಪೇಟಿ!"

"ಫ್ರಿಡ್ಜಿನ್ಯಾಗ ಪೇಟಿ ಯಾರ ಇಡ್ತಾರ, ಹುಚ್ಚಿ?"

ಅಪ್ಪ ನನ್ನತ್ತ ನೋಡಿ, "ಸೋಯಾ ಬೀಜ ತರ್ಲೇನು ಮತ್ತ?" ಎಂದರು. ತಮಾಷೆಗೇ ಅಂದದ್ದು. ಆದರೂ ಕಣ್ಣು ತುಂಬಿದವು. ಅಳುವವಳಲ್ಲ ಎಂದೆನಲ್ಲ, ಅದು ಪೂರ್ತಿ ನಿಜವಲ್ಲ.

ಕಾಕುವಿಗೆ ಫೋನ್ ಮಾಡಿದೆ. ಅವರು ಮೊದಲು ಬಿದ್ದು ಬಿದ್ದು ನಕ್ಕರು. ಆಮೇಲೆ, "ಅಳಬ್ಯಾಡ ನನ್ನವ್ವಾ, ನಾ ಕಳಸ್ತೇನಿ," ಎಂದು ಆಟೋ ಹತ್ತಿ ಬಸ್ ಸ್ಟ್ಯಾಂಡಿಗೆ ಓಡಿ, ಔರಾದ ಬಸ್ಸಿನ ಕಂಡಕ್ಟರ್ ಕೈಗೆ ಪೇಟಿ ಕೊಟ್ಟರು. ಇನ್ನು ಕಾಯುವುದೊಂದೇ ಕೆಲಸ.

ಸುಮ್ಮನೆ ಕೂರುವುದು ಕಾಕಾರ ಜಾಯಮಾನವಲ್ಲ. "ತಂದೀನಂದಮ್ಯಾಲ ಬಾರಿಸೇ ಹೋಗ್ತೇನಿ," ಎಂದು ಪೇಟಿ ಎಳೆದುಕೊಂಡು ಹಾಡತೊಡಗಿದರು. ಎರಡನೇ ಸಾಲಿಗೆ ಯಾರೋ ದನಿಗೂಡಿಸಿದರು. ತಿರುಗಿ ನೋಡಿದರೆ ಅಪ್ಪ! ಹುಡುಗರಾಗಿದ್ದಾಗ ಅಣ್ಣತಮ್ಮ ಇಬ್ಬರೂ ಜೊತೆಗೆ ಹಾಡುತ್ತಿದ್ದರಂತೆ. ನಾನು ಹುಟ್ಟಿದಾಗಿನಿಂದ ಅಪ್ಪನ ಹಾಡು ಕೇಳಿದ್ದು ಅದೇ ಮೊದಲು. ಎಂಥ ಕಂಠ! ಮೀನುಗಳ ಚಿಂತೆಯೇ ಮರೆತುಹೋಯಿತು.

ದೀಪ ಹಚ್ಚುವ ಹೊತ್ತಿಗೆ ಬಸ್ಸು ಬಂತು. ರಸ್ತೆಗೆ ಓಡಿದೆ. ಒದ್ದೆ ಟವೆಲಿನಲ್ಲಿ ಸುತ್ತಿದ ಥರ್ಮೊಕೋಲ್ ಪೇಟಿ, ಅದರ ಮೇಲೊಂದು ರೊಟ್ಟಿಯ ಗಂಟು. ಕಾಕು ಎಂದರೆ ಕಾಕು!

ಮೀನನ್ನು ಒದ್ದೆ ಬಟ್ಟೆಯಲ್ಲಿ ಹಿಡಿಯಲು ಅಪ್ಪ ತಾವೇ ಕೂತರು. ಬೆನ್ನಿನ ರೆಕ್ಕೆಯ ಪಕ್ಕ, ಹುರುಪೆ ಸರಿಸಿ ಸೂಜಿ ಹಾಕಿದೆ. ಹೆಣ್ಣಿಗೆ ತೂಕ ನೋಡಿ ಪೂರಾ ಅಳತೆ, ಗಂಡಿಗೆ ಅದರಲ್ಲಿ ಅರ್ಧ.

"ಸಾವಕಾಶ. ನೋಯಿಸಬ್ಯಾಡ," ಎಂದರು ಅಪ್ಪ.

ಬೆಳಕು ಹರಿದಾಗ ನಾನು ಹೋಗುವ ಮೊದಲೇ ಅಪ್ಪ ಹೊಂಡದಲ್ಲಿ ಮೊಣಕಾಲು ನೀರಿಗಿಳಿದಿದ್ದರು. ಹಾಪಾದ ತುಂಬ ನೆನೆದ ಸಾಬೂದಾನಿಯಂಥ ಮೊಟ್ಟೆಗಳು! ಬೊಗಸೆಯಲ್ಲಿ ಎತ್ತಿ ಹಿಡಿದು ಕೇಳಿದರು.

"ಇವೆಲ್ಲ ಜೀವ ಅವೇನು?"

"ತಿಳಿಯಾಗಿ ಹೊಳಿತಾವಲ್ರಿ, ಅವು ಜೀವ ಅವ. ಬಿಳಿ ಆದವು ಕೆಟ್ಟವು."

ಬಿಳಿಯವು ಹುಡುಕಿದರೆ ಸಿಗುವಷ್ಟೇ ಇದ್ದವು. ನಾನು ಕೆಸರಿನಲ್ಲೇ ಕುಣಿದೆ. ಮರುದಿನ ಮೊಟ್ಟೆಯೊಡೆದು ಕೂದಲಿನಷ್ಟು ಸಣ್ಣ ಮರಿಗಳು ಮಿಡುಕಾಡತೊಡಗಿದವು. "ಸೂಜಿದು ಅರ್ಧಾ, ನನ್ನ ಪೇಟಿದು ಅರ್ಧಾ," ಎಂದು ಕಾಕಾ ಊರೆಲ್ಲ ಹೇಳಿಕೊಂಡು ಬಂದರು. ಮೀನಿನ ಗ್ರಂಥಿಗೆ ಭಜನೆ ತಿಳಿಯುವುದಿಲ್ಲವೆಂದು ನಾನು ಎಷ್ಟು ಜಗಳಾಡಿದರೂ ಯಾರೂ ಕೇಳಲಿಲ್ಲ.

ಅಪ್ಪ ಮಾತ್ರ 'ಹೊಂಡ ನಿಂದು' ಎಂಬ ಮಾತನ್ನು ಬಾಯಿಬಿಟ್ಟು ಹೇಳಲೇ ಇಲ್ಲ. ಕೇಳಲು ನನಗೂ ಬಿಗುಮಾನ. ಮಳೆಗಾಲ ಮುಗಿಯಿತು, ಚಳಿಗಾಲ, ಬೇಸಿಗೆಯೂ ಕಳೆದವು. ಈ ವರ್ಷ ಮೋಡ ಕಟ್ಟಿದಾಗ ಅಂಗಳದಲ್ಲಿ ಕೂತು ಹರಿದ ಹಾಪಾ ಹೊಲಿಯುತ್ತಿದ್ದೆ, ಒಳಗೊಳಗೇ ಹೆದರಿಕೊಂಡು. ಅಪ್ಪ ಹೊಲದಿಂದ ಬಂದು, ಕಾಲು ತೊಳೆದು, ಫೋನ್ ಕೈಗೆತ್ತಿಕೊಂಡರು.

"ತಮ್ಮಾ, ಮಗಳ ಹೊಂಡದಾಗ ಮೀನ ತಯಾರ ಆಗ್ಯಾವ. ಎರಡೂ ಪೇಟಿ ತಗೊಂಡ ಬಾ."